ಕಥೆ ಮುಗಿದ ಮೇಲೆ ನೀತಿ ಕೇಳಬೇಡಿ

ಮಕ್ಕಳಿಗೆ ಕಥೆ ಹೇಳಿ ಮುಗಿಸಿದ ತಕ್ಷಣ "ಇದರಿಂದ ಏನು ಕಲಿತೆ?" ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ತುಂಬಾ ಜಾಸ್ತಿ. ದಯವಿಟ್ಟು ಕೇಳಬೇಡಿ. ಅಷ್ಟು ಹೊತ್ತು ಹುಲಿಯ ಜೊತೆ, ಹಸುವಿನ ಜೊತೆ ಕಾಡಿನಲ್ಲಿದ್ದ ಮಗು ಆ ಪ್ರಶ್ನೆ ಬಂದ ಕೂಡಲೇ ಪರೀಕ್ಷೆಗೆ ಬಂದು ಕೂತುಬಿಡುತ್ತದೆ. ನಮಗೆ ಯಾವ ಉತ್ತರ ಬೇಕು ಅಂತ ಅದಕ್ಕೆ ಚೆನ್ನಾಗಿ ಗೊತ್ತು. "ಸುಳ್ಳು ಹೇಳಬಾರದು ಮಿಸ್" ಅಂತ ಒಪ್ಪಿಸಿ ಸುಮ್ಮನಾಗುತ್ತದೆ. ಕಥೆ ಕೇಳುವಾಗ ಅದಕ್ಕೆ ನಿಜವಾಗಿ ಏನನ್ನಿಸಿತೋ ಅದು ಒಳಗೇ ಉಳಿಯುತ್ತದೆ.

ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಶುರುವಾದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ, ಹಾಡಿಗೂ ಕಥೆಗೂ ಧಾರಾಳ ಜಾಗ ಇದೆ. ನಮ್ಮೂರಿನ ಸುಮಾರು ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಬೆಳಕು ಹರಿಯುವ ಮುಂಚೆಯೇ ವ್ಯಾನ್ ಬರುತ್ತದೆ. ಮಗು ಏಳುವ ಹೊತ್ತಿಗೆ ಅಮ್ಮ ಮನೆಯಲ್ಲಿಲ್ಲ. ತಲೆ ಬಾಚುವುದು, ಊಟಕ್ಕಿಡುವುದು ಎಲ್ಲ ಅಜ್ಜಿಯೋ ದೊಡ್ಡಮ್ಮನೋ.

ಗೋವಿನ ಹಾಡಿನ ಕಥೆ ನಿಮಗೆ ಗೊತ್ತೇ ಇದೆ. ಹುಲಿಗೆ ಮಾತು ಕೊಟ್ಟು ಬಂದ ಪುಣ್ಯಕೋಟಿ ಕರುವಿಗೆ ಕೊನೆಯ ಸಲ ಹಾಲು ಕುಡಿಸುತ್ತಾಳೆ. ಆಮೇಲೆ ಉಳಿದ ಹಸುಗಳ ಹತ್ತಿರ ಹೋಗಿ, ಇವನು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ ಕೇಳಿಕೊಳ್ಳುತ್ತಾಳೆ. ನಾವು ದೊಡ್ಡವರು ಈ ಕಥೆ ಎಂದರೆ ಸತ್ಯ, ಕೊಟ್ಟ ಮಾತು ಅಂತ ಶುರು ಮಾಡುತ್ತೇವೆ. ಆದರೆ ಎರಡನೇ ತರಗತಿಯ ಒಬ್ಬ ಹುಡುಗಿ ಅಲ್ಲೇ ನನ್ನನ್ನು ತಡೆದು ಕೇಳಿದಳು: "ಒದ್ದವಾ ಮಿಸ್?"

ನಾನು ಉತ್ತರ ಹೇಳಲಿಲ್ಲ. ನಿನಗೇನನ್ನಿಸುತ್ತೆ ಅಂದೆ. ಸ್ವಲ್ಪ ಹೊತ್ತು ಲಂಗದ ಅಂಚು ತಿರುಚುತ್ತಾ ಕೂತು, "ಒಂದು ಹಸು ಒದ್ದಿರುತ್ತೆ. ಎಲ್ಲರೂ ನೋಡ್ತಿರುವಾಗ ಒದೆಯಲ್ಲ, ಯಾರೂ ಇಲ್ದಾಗ" ಅಂದಳು. ಪಕ್ಕದಲ್ಲಿದ್ದ ಹುಡುಗ, "ಇನ್ನೊಂದು ಹಸು ಪಕ್ಕದಲ್ಲಿ ಮಲಗಿಸ್ಕೊಂಡಿರುತ್ತೆ ಬಿಡು" ಅಂದ. ಮನೆಯಲ್ಲಿ ನಿನಗೆ ಯಾರಾದರೂ ಹೊಡೀತಾರಾ ಅಂತ ನಾನು ನೇರವಾಗಿ ಕೇಳಿದ್ದರೆ ಆ ಹುಡುಗಿ ಇಲ್ಲ ಅಂತ ತಲೆ ಅಲ್ಲಾಡಿಸುತ್ತಿದ್ದಳು, ಅಷ್ಟೇ. ಕರುವಿನ ಬಗ್ಗೆ ಮಾತಾಡುವುದಕ್ಕೆ ಭಯ ಇಲ್ಲ, ಅಲ್ವಾ? ಅವತ್ತೇ ಸಂಜೆ ಅವಳ ಅಮ್ಮನ ಹತ್ತಿರ ಮಾತಾಡಿದೆ.

ಕಾಗಕ್ಕ ಗುಬ್ಬಕ್ಕನ ಕಥೆಯಲ್ಲೂ ಹೀಗೇ. ಮಳೆಗೆ ಸಗಣಿಯ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಳಗಿಂದಲೇ ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ತಾಳು, ನೀರು ಹಾಕುತ್ತಿದ್ದೇನೆ, ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ ಅನ್ನುತ್ತಾಳೆ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳೂ ಈ ಮಾತನ್ನು ನನಗಿಂತ ಮುಂಚೆ ಹೇಳುತ್ತಾರೆ, ಯಾಕೆಂದರೆ ಮುಂದೆ ಏನು ಬರುತ್ತದೆ ಅಂತ ಅವರಿಗೆ ಗೊತ್ತು, ತಪ್ಪಾಗುವ ಹೆದರಿಕೆ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ಅಲ್ಲೇ ಕೂರುತ್ತದೆ. ಓದು ಕಲಿಯುವುದಕ್ಕೆ ಅದು ಎಷ್ಟು ಮುಖ್ಯ ಅಂತ ಪಾಠ ಮಾಡುವವರಿಗೆ ಗೊತ್ತು. ಹೊರಗೆ ನಿಂತು ನೆನೆಯುವ ಕಾಗಕ್ಕನ ಪರ ಕೆಲವರು, ಒಳಗಿರುವ ಮರಿಯ ಪರ ಕೆಲವರು. ನಾನು ತೀರ್ಪು ಕೊಡುವುದಿಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆಯಂತೂ ನನಗೆ ತುಂಬಾ ಇಷ್ಟ. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು, ಆದರೆ ಯಾರಿಗೂ ಹೇಳುವುದಿಲ್ಲ. ಒಳಗಿದ್ದು ಉಸಿರುಕಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದಾಗ ಹೊರಗೆ ಜಾರುತ್ತವೆ. ಕಥೆ ಕಾಲಿನ ಜೋಡುಗಳಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತಾಡುತ್ತದೆ. ಗಂಡ ಬಂದು ನೋಡಿ, ಇವು ಯಾರವು ಅಂತ ಜಗಳ ತೆಗೆದು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಊರಿನ ದೀಪಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವಾಗ ನಿಜ ತಿಳಿಯುತ್ತದೆ. ಮನೆಗೆ ಬಂದು ಕೇಳಿದರೆ ಅವಳು "ಯಾವ ಕಥೆ? ಯಾವ ಹಾಡು?" ಅನ್ನುತ್ತಾಳೆ. ಮರೆತೇ ಹೋಗಿದೆ! ಈ ಕಥೆ ಹೇಳಿದ ಮೇಲೆ ನಮ್ಮ ತರಗತಿಯಲ್ಲಿ ಒಂದು ಆಟ ಹುಟ್ಟಿಕೊಂಡಿದೆ. ಸಿಟ್ಟಲ್ಲಿ ಪೆನ್ಸಿಲ್ ಎಸೆದವನನ್ನು ಉಳಿದವರು "ಏನೋ ಹೇಳೋದಿದೆಯಾ, ಜೋಡಾಗೋಯ್ತಾ?" ಅಂತ ಕೇಳುತ್ತಾರೆ. ಎಷ್ಟೋ ಸಲ ಆ ಹುಡುಗ ಹೇಳಿಯೂ ಬಿಡುತ್ತಾನೆ.

ಕೆಲವರು ಪುಣ್ಯಕೋಟಿಯ ಕಥೆಯಲ್ಲಿ ಹುಲಿ ಸಾಯುವ ಭಾಗ ಬಿಟ್ಟು ಹೇಳುತ್ತಾರೆ, ಮಕ್ಕಳು ಹೆದರುತ್ತಾರಂತೆ. ಬಿಡಬೇಡಿ. ಸುಮ್ನೆ ದನಿ ತಗ್ಗಿಸಿ, ಹತ್ತಿರ ಕೂರಿಸಿಕೊಂಡು, ಹೂಂಗುಟ್ಟಿಸಿಕೊಂಡು ಹೇಳಿ. ಹೂಂ ನಿಂತರೆ ನೀವೂ ನಿಲ್ಲಿಸಿ ಮುಖ ನೋಡಿ. ಹಾಗಂತ ಕಥೆಯೇ ಎಲ್ಲದಕ್ಕೂ ಔಷಧಿ ಅಲ್ಲ. ಮಗು ವಾರಗಟ್ಟಲೆ ಊಟ, ಆಟ, ಮಾತು ಬಿಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ನಮಗೆ ಈ ಕಥೆಗಳು ಪೂರ್ತಿ ನೆನಪಿಲ್ಲ ಅನ್ನುವವರು ಊರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿ. ಮಗು ಫೋನ್ ಹಿಡಿದುಕೊಂಡು ಹೂಂಗುಟ್ಟಲಿ. ನೀವು ಪಕ್ಕದಲ್ಲೇ ಕೂತು, ಅದು ಎಲ್ಲಿ ತಡೆದು ಏನು ಕೇಳುತ್ತದೆ ಅಂತ ಗಮನಿಸಿ.