ಹಿತ್ತಲಿನ ಮುರುಗಲು ಮಾಣಿ ಆತು

ಎಂಟು ವರ್ಷ ಕಾದ ಮೇಲೆ ಕಳೆದ ವಾರ ನಮ್ಮ ಹಿತ್ತಲಿನ ಮುರುಗಲು, ಅಂದರೆ ಕೋಕಂ ಮರ, ಹೂ ಬಿಟ್ಟಿತು. ಮಗಳು ಹುಟ್ಟಿದ ವರ್ಷ ಸಿದ್ದಾಪುರದಿಂದ ಗೇಣುದ್ದದ ಸಸಿ ತಂದು, ಗೋವಾದ ಫೋಂಡಾದಲ್ಲಿರುವ ಈ ಬಾಡಿಗೆ ಮನೆಯ ಹಿಂದೆ ನೆಟ್ಟಿದ್ದೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದು.

ಖುಷಿಯಿಂದ ಮನೆಯೊಡತಿ ಆಜಿಯನ್ನು ಕರೆದೆ. ಅವರು ಒಂದು ಟೊಂಗೆ ಬಗ್ಗಿಸಿ ನೋಡಿ ನಕ್ಕೇಬಿಟ್ಟರು. "ದಾದ್ಲೊ ಗೋ!" ಅಂದರೆ ಗಂಡು. ಫಲ ಇಲ್ಲ. ಕಡಿಸಿ ಅಲ್ಲೊಂದು ತೆಂಗು ಹಾಕೋಣ ಅಂದರು.

ಪಕ್ಕದಲ್ಲಿದ್ದ ಮಗಳು ಕೇಳಿದಳು, "ಗಂಡು ಅಂತ ಗೊತ್ತಾದ್ರೆ ಕಡೀತಾರಾ ಆಯಿ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆಜಿ ಹೇಳಿದ್ದು ಸರಿಯೇ. ಮುರುಗಲಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಎರಡರ ಹೂವಿಗೂ ದಪ್ಪನೆಯ ನಾಲ್ಕು ಎಸಳು. ಗಂಡು ಹೂ ಗೊಂಚಲಾಗಿ ಬರುತ್ತದೆ, ನಡುವೆ ಬರೀ ಕೇಸರ. ಹೆಣ್ಣು ಹೂ ಹೆಚ್ಚಾಗಿ ಒಂಟಿ, ನಡುವೆ ಪುಟ್ಟ ಕಾಯಿಯಂಥ ಗುಂಡು. ತೊಂದರೆ ಏನೆಂದರೆ, ಬೀಜದಿಂದ ಎದ್ದ ಸಸಿ ಯಾವುದು ಅಂತ ಹೂ ಬಿಡುವವರೆಗೂ ತಿಳಿಯುವುದಿಲ್ಲ. ಅದಕ್ಕೆ ಆರೆಂಟು ವರ್ಷ ಬೇಕು. ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡೇ ಆಗುತ್ತವೆ. ಹಾಗಾಗಿ ಈಗ ಬುದ್ಧಿವಂತರು ಹೆಣ್ಣು ಮರದ ಕಸಿ ಗಿಡವನ್ನೇ ತರುತ್ತಾರೆ. ನಾನು ತಂದದ್ದು ಬೆಟ್ಟದಲ್ಲಿ ತಾನಾಗಿ ಹುಟ್ಟಿದ್ದು.

ಗೋವಾದವರು ಇದರ ಹಣ್ಣಿಗೆ ಭಿಂಡಾ ಅಂತಾರೆ, ಒಣಸಿಪ್ಪೆಗೆ ಸೋಲ. ಇಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಷ್ಟು ಹಿಂದೆಯೇ ಈ ಹಣ್ಣಿನ ಬಗ್ಗೆ ಬರೆದಿದ್ದ. ಪಣಜಿಯ ಚರ್ಚ್ ಹತ್ತಿರದ ಪಾರ್ಕಿಗೆ ಅವನದೇ ಹೆಸರು. ಮುರುಗಲಿನ ಕುಲಕ್ಕೆ ಗಾರ್ಸೀನಿಯಾ ಎಂಬ ಹೆಸರು ಬಂದದ್ದೂ ಅವನಿಂದಲೇ ಅಂತ ನಾನು ಬಹಳ ದಿನ ನಂಬಿದ್ದೆ. ಅಲ್ಲ, ಅದು ಲಾರೆಂಟ್ ಗಾರ್ಸಿನ್ ಎಂಬ ಇನ್ನೊಬ್ಬನ ಹೆಸರು.

ಊರಿನ ಕಾನಿನಲ್ಲಿ ಮುರುಗಲು ಮುಂದೆ ನಿಲ್ಲುವ ಮರವಲ್ಲ. ಮೇಲೆ ದೊಡ್ಡ ಮರಗಳು ಬಿಸಿಲನ್ನೆಲ್ಲ ಕುಡಿದುಬಿಡುತ್ತವೆ. ಇದು ಅವುಗಳ ಕೆಳಗೆ, ಸೋಸಿ ಬಂದ ಬೆಳಕಿನಲ್ಲಿ ನಿಧಾನಕ್ಕೆ ಬೆಳೆಯುತ್ತದೆ. ಗೋಪುರದ ಆಕಾರ, ನೆಲದ ಕಡೆಗೆ ಬಾಗಿದ ಟೊಂಗೆಗಳು. ಚಿಗುರು ಕೆಂಪು, ಬಲಿತ ಎಲೆ ಕಡುಹಸಿರು. ತೊಗಟೆ ಗೀರಿದರೆ ಹಳದಿ ಹಾಲು. ಏಪ್ರಿಲ್, ಮೇ ಬಂತೆಂದರೆ ಆ ಕತ್ತಲಲ್ಲಿ ಕೆನ್ನೇರಳೆ ಹಣ್ಣು. ಮಳೆ ಹಿಡಿಯುವುದರೊಳಗೆ ಕೊಯ್ಯಬೇಕು, ಇಲ್ಲದಿದ್ದರೆ ಸಿಪ್ಪೆ ಒಣಗುವುದಿಲ್ಲ. ಬೀಜ ಕುಟ್ಟಿ ಕುದಿಸಿ ಅಮ್ಮಮ್ಮ ತೆಗೆಯುತ್ತಿದ್ದ ಮುರುಗಲ ತುಪ್ಪ ಕಲ್ಲಿನಂತೆ ಗಟ್ಟಿ. ಒಡೆದ ಹಿಮ್ಮಡಿಗೆ ಅದನ್ನು ಮೀರಿಸುವ ಮದ್ದು ನನಗಿನ್ನೂ ಸಿಕ್ಕಿಲ್ಲ.

ಆ ಬೆಟ್ಟದಲ್ಲೇ ಅಪ್ಪಯ್ಯ ಗಂಡು ಮುರುಗಲು ಕಡಿಯುವುದನ್ನು ನೋಡಿದ್ದೇನೆ. "ಸುಮ್ನೆ ಜಾಗ ತಿಂತು" ಅನ್ನುತ್ತಿದ್ದ. 1983ರಲ್ಲಿ ಸಾಲ್ಕಣಿಯಲ್ಲಿ ಕಾಡು ಕಡಿಯದಂತೆ ಜನ ಮರ ಅಪ್ಪಿಕೊಂಡು ನಿಂತ ಸೀಮೆ ನಮ್ಮದು. ಆ ಕಥೆ ಹೇಳುತ್ತಲೇ ಅಪ್ಪಯ್ಯ ಕತ್ತಿ ಮಸೆಯುತ್ತಿದ್ದ. ಒಂದೆರಡು ಗಂಡನ್ನು ಬಿಡಲೇಬೇಕು, ಅದರ ಪರಾಗವಿಲ್ಲದೆ ಹೆಣ್ಣು ಮರ ಏನು ಮಾಡೀತು ಅನ್ನುವುದು ಅವನಿಗೂ ಗೊತ್ತಿತ್ತು. ಬಿಡುತ್ತಿದ್ದ. ಆದರೆ ಲೆಕ್ಕ ಹಾಕಿ.

ಅದೇ ಅಂಗಳದಲ್ಲಿ ನಾವು ಮೂರು ಕೂಸುಗಳು, ಅಂದರೆ ಹೆಣ್ಣುಮಕ್ಕಳು. ಬಂದ ನೆಂಟರು ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು, ಮೊದಲು ಕೇಳುತ್ತಿದ್ದದ್ದು, "ಮಾಣಿ ಇಲ್ಯಾ?" ಗಂಡುಮಗ ಇಲ್ಲವಾ ಅಂತ. ಅಪ್ಪಯ್ಯ ಮಾತಾಡುತ್ತಿರಲಿಲ್ಲ. ಕವಳದ ತಟ್ಟೆ ಅವರ ಮುಂದೆ ಸರಿಸುತ್ತಿದ್ದ. ಆಯಿ ಒಳಗೆ ಹೋಗುತ್ತಿದ್ದಳು. ನಾನು ಮೂರನೆಯವಳು. ಅವಳು ಯಾಕೆ ಒಳಗೆ ಹೋಗುತ್ತಾಳೆ ಅಂತ ನನಗೆ ತಿಳಿಯುವಾಗ ಹತ್ತು ವರ್ಷವಾಗಿತ್ತು.

ಇಷ್ಟೆಲ್ಲ ಮಗಳಿಗೆ ಹೇಳಲಿಲ್ಲ. "ಮರದಲ್ಲಿ ಹೆಣ್ಣೇ ಬೇಕು ಪುಟ್ಟಾ, ಹಣ್ಣಿಗೆ" ಅಂದೆ, ಅಷ್ಟೇ. ಅವಳು ಆಜಿಯ ಅಂಗಳದ ಮುದಿ ಭಿಂಡಾ ಮರ ತೋರಿಸಿ, "ಹಾಗಾದ್ರೆ ಅದಕ್ಕೆ ಗಂಡ ಬೇಡ್ವಾ?" ಅಂದಳು. ನಾನು ಅದನ್ನು ಕೊಂಕಣಿಯಲ್ಲಿ ಹೇಳಿದಾಗ ಆಜಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಜಿಯ ಗಂಡ ತೀರಿಕೊಂಡು ವರ್ಷಗಳಾಗಿವೆ. ಶಿಗ್ಮೊ ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಅಂದರು.

ರಾತ್ರಿ ಊರಿಗೆ ಫೋನ್ ಮಾಡಿದೆ. "ಅಪ್ಪಯ್ಯಾ, ನಮ್ಮನೆ ಮುರುಗಲು ಮಾಣಿ ಆತು."

"ಕಡಿದು ಹಾಕು. ಕಸಿ ಗಿಡ ಕಳಿಸ್ತೆ."

"ಕೂಸು ಬ್ಯಾಡ ಹೇಳ್ತು. ಮಾಣಿ ಹೇಳಿ ಎಂತಕ್ಕೆ ಕಡಿಯವು ಕೇಳ್ತಾ ಇದ್ದು."

ಆ ಕಡೆ ಮಾತಿಲ್ಲ. ಜೀರುಂಡೆಯ ಸದ್ದು ಮಾತ್ರ ಕೇಳುತ್ತಿತ್ತು. ಲೈನ್ ಹೋಯಿತೇನೋ ಅಂದುಕೊಂಡೆ.

"ಫೋನ್ ಕೂಸಿಗೆ ಕೊಡು" ಅಂದ ಅಪ್ಪಯ್ಯ.