ಯಾರಾದ್ರೂ ಹಾಕಿಕೊಡ್ತಾರೆ ಬಿಡಿ ಮೇಡಂ

ಶನಿವಾರ ಸಂಜೆ ಮೈಸೂರಿನ ಸರಸ್ವತಿಪುರಂ ಮನೆಗೆ ಹೋದಾಗ ಅಪ್ಪ ಟಿವಿ ಮುಂದೆ ಕೂತಿದ್ದರು. ಪರದೆ ಪೂರ್ತಿ ನೀಲಿ, ಅದರ ಮೇಲೆ ‘ನೋ ಸಿಗ್ನಲ್’ ಅಂತ ಒಂದು ಚೌಕ ಅತ್ತಿತ್ತ ಓಡಾಡುತ್ತಿತ್ತು. ಯಾಕಪ್ಪ ಹೀಗೆ ಅಂದೆ. “ಏನಿಲ್ಲ ಕಣಮ್ಮ, ನೋಡೋ ಮನಸ್ಸಿರಲಿಲ್ಲ” ಅಂದರು. ಪಕ್ಕದ ಸ್ಟೂಲ್ ಮೇಲೆ ಮೂರು ರಿಮೋಟು ಸಾಲಾಗಿ ಇದ್ದವು. ಗುರುವಾರದಿಂದ ಹಾಗೇ ಇದೆ ಅಂತ ಕೆಲಸದಾಕೆ ಆಮೇಲೆ ಅಡುಗೆಮನೆಯಲ್ಲಿ ಹೇಳಿದಳು.

ಅಪ್ಪನಿಗೆ ಗ್ಲಾಕೋಮಾ. ಬಟನ್ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ, ಬೆರಳಲ್ಲೇ ಹುಡುಕಬೇಕು. ಕಿವಿಯೂ ಸ್ವಲ್ಪ ಮಂದ. ಈಗಿನ ತೆಳ್ಳನೆಯ ಟಿವಿಗಳ ಸ್ಪೀಕರ್ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತೆ, ಮಾತು ಸ್ಪಷ್ಟ ಕೇಳಲ್ಲ ಅಂತ ತಮ್ಮ ಒಂದು ಹೋಮ್ ಥಿಯೇಟರ್ ತಂದು ಜೋಡಿಸಿದ್ದ. ಒಳ್ಳೆ ಮನಸ್ಸಿಂದಲೇ ತಂದ, ಆದರೆ ಕೂಡಿಸಿ ಕಲಿಸಲಿಲ್ಲ, ಮಾರನೇ ದಿನ ಪುಣೆಗೆ ಹೋದ. ಹಾಗಾಗಿ ಟಿವಿ ಹಾಕೋಕೆ ಒಂದು ರಿಮೋಟು, ಚಾನಲ್ ಬದಲಾಯಿಸೋಕೆ ಸೆಟ್‌ಟಾಪ್ ಬಾಕ್ಸಿನದು ಇನ್ನೊಂದು, ಸೌಂಡಿಗೆ ಮತ್ತೊಂದು. ನಡುವೆ ತಪ್ಪಿ, ಚಿತ್ರ ಯಾವ ಡಬ್ಬದಿಂದ ಬರಬೇಕು ಅಂತ ಆರಿಸೋ ಸೋರ್ಸ್ ಬಟನ್ ಒತ್ತಿದರೆ ಮುಗೀತು, ನೀಲಿ ಪರದೆ. ಅಮ್ಮ ಇದ್ದಾಗ ಮೂರೂ ಅಮ್ಮನ ಕೈಯಲ್ಲೇ ಇರುತ್ತಿದ್ದವು.

ಸೋಮವಾರ ರಜೆ ಹಾಕಿ ಒಂದೇ ರಿಮೋಟು ಹುಡುಕಿಕೊಂಡು ಹೊರಟೆ. ದೇವರಾಜ ಅರಸು ರಸ್ತೆಯಲ್ಲಿ ಒಬ್ಬರು ಟಿವಿಗೆ ಮಾತ್ರ ಇದೆ ಅಂದರು. ಅಶೋಕ ರಸ್ತೆಯಲ್ಲಿ ಇನ್ನೊಬ್ಬರು ಎಲ್ಲಕ್ಕೂ ಆಗುತ್ತೆ ಅಂತ ಒಂದು ಯೂನಿವರ್ಸಲ್ ರಿಮೋಟು ಕೊಟ್ಟರು. ಎಣಿಸಿದೆ, 48 ಬಟನ್. ಜೊತೆಗೆ ಮಡಚಿದ ಕಾಗದದ ತುಂಬಾ ಕೋಡ್ ನಂಬರು. ಮನೆಗೆ ಬಂದು ಸೆಟ್ ಬಟನ್ ಒತ್ತಿ ಹಿಡಿದು, ಕೆಂಪು ದೀಪ ಬಂದ ಮೇಲೆ ನಂಬರು ಹಾಕಿ ನೋಡಿದೆ. ಟಿವಿ ಬಂತು. ಹೋಮ್ ಥಿಯೇಟರ್ ಕಂಪನಿಯ ಹೆಸರೇ ಆ ಕಾಗದದಲ್ಲಿ ಇಲ್ಲ. ಆಟೋ ಸರ್ಚ್ ಅಂತ ಅರ್ಧ ಗಂಟೆ ಹಿಡಿದು ಕೂತೆ, ಅದಕ್ಕೂ ಸಿಗಲಿಲ್ಲ. ವಾಪಸ್ ತೆಗೆದುಕೊಂಡು ಹೋಗಿ, ಅಪ್ಪನಿಗೆ ಕಣ್ಣು ಕಾಣಲ್ಲ, ಅವರೇ ಹಾಕಿಕೊಳ್ಳೋ ಹಾಗೆ ಏನಾದರೂ ಕೊಡಿ ಅಂದೆ.

“ಯಜಮಾನ್ರಿಗೆ ಯಾರಾದ್ರೂ ಹಾಕಿಕೊಡ್ತಾರೆ ಬಿಡಿ ಮೇಡಂ” ಅಂದ.

ಕೆಟ್ಟ ಮನುಷ್ಯನಲ್ಲ. ದುಡ್ಡೂ ವಾಪಸ್ ಕೊಟ್ಟ. ಆದರೆ ಆ ಮಾತು ದೊಡ್ಡ ಗಡಿಯಾರದ ಹತ್ತಿರ ರಸ್ತೆ ದಾಟುವಾಗಲೂ ತಲೆಯಲ್ಲಿತ್ತು, ಈಗಲೂ ಇದೆ. ಯಾರಾದ್ರೂ ಅಂದರೆ ಯಾರು? ನಾನಿರೋದು ಮಂಡ್ಯದಲ್ಲಿ. ಕೆಲಸದಾಕೆ ಹನ್ನೊಂದಕ್ಕೆ ಹೋಗುತ್ತಾಳೆ. ಸಂಜೆ ಏಳರ ವಾರ್ತೆಗೆ ಪಕ್ಕದ ಮನೆ ಹುಡುಗನನ್ನು ಕೂಗಬೇಕಾ? ಅಪ್ಪ ಕೂಗಲ್ಲ. ಮನಸ್ಸಿರಲಿಲ್ಲ ಅನ್ನುತ್ತಾರೆ.

ಶಿವರಾಂಪೇಟೆಯಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕಿದ್ದು ನನ್ನ ಪುಣ್ಯ. ಅವರು ಮೊದಲು ಕೇಳಿದ್ದೇ “ಅಪ್ಪಾವ್ರು ಯಾವ ಬೆರಳಲ್ಲಿ ಒತ್ತುತ್ತಾರೆ?” ಅಂತ. ಇಷ್ಟು ಹೊತ್ತು ಯಾರೂ ಕೇಳದ ಪ್ರಶ್ನೆ ಅದು. ಕೋಡ್ ಕಾಗದ ನಂಬಬೇಡಿ, ಕಲಿಯೋ ರಿಮೋಟು ತಗೊಳ್ಳಿ ಅಂದರು. ರಿಮೋಟಿನ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಟ್ಯೂಬ್‌ಲೈಟು, ಬಿಸಿಲಿನ ಜೊತೆ ಬೆರೆಯದಿರಲಿ ಅಂತ ಅದು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಮಿನುಗು ಹೆಚ್ಚುಕಮ್ಮಿ ಒಂದೇ, ಆದರೆ ಅದನ್ನು ಬಿಟ್ಟು ಬಿಟ್ಟು ಕಳಿಸುವ ಲೆಕ್ಕ ಒಂದೊಂದು ಕಂಪನಿಗೆ ಒಂದೊಂದು ಥರ. ಕಲಿಯೋ ರಿಮೋಟು ಹಳೇ ರಿಮೋಟಿನ ಲೆಕ್ಕವನ್ನು ನೇರ ನೋಡಿ ನೆನಪಿಟ್ಟುಕೊಳ್ಳುತ್ತದೆ.

ಆದರೆ ಹೋಮ್ ಥಿಯೇಟರಿನ ರಿಮೋಟು ಸತ್ತು ತಿಂಗಳಾಗಿತ್ತು. ಬ್ಯಾಟರಿ ಸೋರಿ ಸ್ಪ್ರಿಂಗು ಹಸಿರುಗಟ್ಟಿತ್ತು, ಅಪ್ಪ ಎದ್ದು ಹೋಗಿ ಡಬ್ಬದ ತಿರುಪು ತಿರುಗಿಸುತ್ತಿದ್ದರು. ಹಿರಿಯರು ಅದನ್ನು ಬಿಚ್ಚಿ ಉಜ್ಜಿ, ಹೊಸ ಬ್ಯಾಟರಿ ಹಾಕಿ, ನನ್ನ ಫೋನಿನ ಕ್ಯಾಮೆರಾ ಮುಂದೆ ಹಿಡಿದರು. ಬಟನ್ ಒತ್ತಿದರೆ ಪರದೆಯಲ್ಲಿ ನೇರಳೆ ಚುಕ್ಕಿ ಮಿನುಗಿತು. “ಜೀವ ಇದೆ ನೋಡಿ” ಅಂದರು. ನನಗೆ ಕಣ್ಣು ತುಂಬಿ ಬಂತು.

ಒಂದೇ ಬಟನ್ನಿಗೆ ಮೂರೂ ಆನ್ ಆಗುವುದಿಲ್ಲವಾ ಅಂತಲೂ ಕೇಳಿದೆ. ಅಂಥವು ಇದ್ದವು, ಲಾಜಿಟೆಕ್‌ನ ಹಾರ್ಮನಿ ಅದನ್ನೇ ಮಾಡುತ್ತಿತ್ತು, 2021ರಲ್ಲಿ ಅದರ ತಯಾರಿಕೆಯೇ ನಿಂತಿತು. ಅಲ್ಲದೆ ಎಷ್ಟೋ ಡಬ್ಬಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಸಂಕೇತ. ಮೂರರಲ್ಲಿ ಒಂದಕ್ಕೆ ಅದು ತಲುಪದಿದ್ದರೆ ಮುಂದಿನ ಸಲ ಎರಡು ಆರಿ ಒಂದು ಹತ್ತಿಕೊಳ್ಳುತ್ತೆ. ಕಣ್ಣು ಕಾಣದವರಿಗೆ ಅದು ಇನ್ನೂ ಕಷ್ಟ ಅಂದರು. ಸರಿ ಅನಿಸಿತು. 1956ರಲ್ಲಿ ಅಮೆರಿಕದ ಜೆನಿತ್ ತಂದ ಸ್ಪೇಸ್ ಕಮಾಂಡ್ ರಿಮೋಟಿನಲ್ಲಿ ಇದ್ದದ್ದು ನಾಲ್ಕೇ ಬಟನ್, ಬ್ಯಾಟರಿಯೂ ಬೇಡ. ಅಪ್ಪನಿಗೆ ಬೇಕಾಗಿರೋದು ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ರಾತ್ರಿ ಊಟದ ಮೇಜಿನ ಮೇಲೆ ಕಲಿಯೋ ರಿಮೋಟನ್ನೂ ಹಳೇ ರಿಮೋಟನ್ನೂ ಮೂತಿಗೆ ಮೂತಿ ಇಟ್ಟು ಅದಕ್ಕೆ ಒಂದೊಂದೇ ಬಟನ್ ಕಲಿಸಿದೆ. ಮೂರು ಪವರ್, ಚಾನಲ್ ಮೇಲೆ ಕೆಳಗೆ, ಸೌಂಡ್ ಮೇಲೆ ಕೆಳಗೆ, ಮತ್ತೆ ಅಂಕಿಗಳು. ಸೋರ್ಸ್ ಬಟನ್ ಕಲಿಸಲೇ ಇಲ್ಲ. ಪವರ್ ಮೂರರ ಮೇಲೂ ಎಂ-ಸೀಲ್ ಚುಕ್ಕಿ ಇಟ್ಟೆ, ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಅಪ್ಪ ಪಕ್ಕದಲ್ಲೇ ಕೂತು ಐದರ ಮೇಲಿನ ಸಣ್ಣ ಗುಬುಟನ್ನು ಹೆಬ್ಬೆರಳಲ್ಲಿ ಸವರುತ್ತಾ, “ಇದು ಮೊದಲಿಂದಲೂ ಇತ್ತಾ? ಯಾರೂ ಹೇಳಲೇ ಇಲ್ಲವಲ್ಲ” ಅಂದರು.

ಆ ಅಂಗಡಿಯವನ ಮಾತು ಯಾಕೆ ಅಷ್ಟು ಚುಚ್ಚಿತು ಅಂತ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಾಗ ಹೊಳೆಯಿತು. ಅದು ನನ್ನದೇ ಮಾತು. ಬ್ಯಾಂಕಿನ ಮಷಿನ್ನಿಗೆ ಪಾಸ್‌ಬುಕ್ ಹಾಕೋಕೆ ಬರಲ್ಲ ಅಂದಾಗ ಬಿಡಪ್ಪ, ನಾನು ಹಾಕಿಸಿಕೊಂಡು ಬರ್ತೀನಿ ಅಂದೆ. ಗ್ಯಾಸ್ ಬುಕ್ ಮಾಡೋದು, ಕರೆಂಟ್ ಬಿಲ್ ಕಟ್ಟೋದು, ಎಲ್ಲಕ್ಕೂ ಬಿಡಪ್ಪ ಅಂದೆ. ಕೂಡಿಸಿ ಕಲಿಸಲಿಲ್ಲ ಅಂತ ತಮ್ಮನನ್ನು ಅಂದೆನಲ್ಲ, ನಾನು ಏನು ಕಲಿಸಿದೆ? ಪ್ರತಿ ಸಲವೂ ಪ್ರೀತಿಯಿಂದಲೇ ಅಂದಿದ್ದೆ. ಅಪ್ಪನ ಕೈಯಿಂದ ಒಂದೊಂದೇ ಕೆಲಸ ಹೋಗುತ್ತಾ ಬಂತು.

ನಿನ್ನೆ ಸಂಜೆ ಏಳೂಕಾಲಿಗೆ ಫೋನ್ ಮಾಡಿದೆ. ಆ ಕಡೆ ವಾರ್ತೆ ಓದುವವರ ದನಿ ಜೋರಾಗಿತ್ತು, ಅಪ್ಪನ ಹಲೋ ಕೇಳಲಿಲ್ಲ. “ಇರಮ್ಮ, ಸೌಂಡ್ ಕಮ್ಮಿ ಮಾಡ್ತೀನಿ” ಅಂತ ಕೂಗಿದರು. ಸ್ವಲ್ಪ ತಡವಾಯಿತು. ಆಮೇಲೆ ದನಿ ಮೆಲ್ಲಗೆ ಇಳಿಯುತ್ತಾ ಹೋಯಿತು.