ತೂಕ ದೂರ ಸರಸು, ತಮ್ಮಾ

ಪದವಿಯ ಎರಡನೇ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಲಬುರಗಿ ಕೋಟೆಯ ಬಗ್ಗೆ ಐದು ನಿಮಿಷದ ಚಿತ್ರ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಬಯಲು ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಸೂರು. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಆ ಸಾಲಿನ ಕೆಳಗೆ ನಡೆಯುವಾಗ ಕಣ್ಣಿಗೆ ಆಗುವ ಸುಖವನ್ನು ಪರದೆಗೆ ತರಬೇಕೆಂಬ ಆಸೆ. ಕ್ಯಾಮೆರಾ ಕೈಯಲ್ಲಿ ಹಿಡಿದು ನಡೆದೆ. ಬಂದು ನೋಡಿದರೆ ಹೆಜ್ಜೆ ಹೆಜ್ಜೆಗೂ ಕಮಾನುಗಳು ಕುಣಿಯುತ್ತಿದ್ದವು, ಹೊಲದ ದಾರಿಯಲ್ಲಿ ಟಂಟಂ ಹತ್ತಿ ಹೋದ ಹಾಗೆ.

ಭೌತಶಾಸ್ತ್ರದ ಸರ್ ಅದನ್ನು ಎರಡು ಸಲ ನೋಡಿದರು. "ನಿನ್ನ ಕೈದು ತಪ್ಪಿಲ್ಲ. ಕ್ಯಾಮೆರಾ ಭಾಳ ಹಗುರ ಅದ. ತೂಕ ದೂರ ಸರಸು ತಮ್ಮಾ, ತಾನೇ ಸುಮ್ಮಾಗ್ತದ" ಅಂದರು. ಮೊಮೆಂಟ್ ಆಫ್ ಇನರ್ಷಿಯಾ! ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸೂತ್ರ. ತೂಕ ಅಷ್ಟೇ ಇದ್ದು, ತಿರುಗುವ ಜಾಗದಿಂದ ಅದರ ದೂರ ಎರಡು ಪಟ್ಟಾದರೆ, ಅಲುಗದೆ ನಿಲ್ಲುವ ಹಟ ನಾಲ್ಕು ಪಟ್ಟಾಗುತ್ತದೆ.

ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿಂದ ಅರ್ಧ ಇಂಚಿನ ಜಿಐ ಪೈಪು, ಕಿಲೋ ಲೆಕ್ಕದಲ್ಲಿ ವಾಷರ್ ತಂದೆ. ಮೇಲೆ ಕ್ಯಾಮೆರಾ, ತಳಕ್ಕೆ ವಾಷರ್, ನಡುವೆ ಎಲ್ಲ ಕಡೆಗೂ ಹೊರಳುವ ಒಂದು ಜಾಯಿಂಟು, ಅದಕ್ಕೆ ಹಿಡಿಕೆ. ಕಷ್ಟವಿದ್ದದ್ದು ತೂಕ ಹೊಂದಿಸುವುದರಲ್ಲಿ. ಹಿಡಿಕೆ ಹಿಡಿದು ಪೈಪನ್ನು ಅಡ್ಡ ಮಲಗಿಸಿ ಬಿಡಬೇಕು. ಅದು ನೆಟ್ಟಗಾಗಲು ಎಷ್ಟು ಹೊತ್ತೆಂದು ಸರ್ ಲ್ಯಾಬಿನ ಸ್ಟಾಪ್‌ವಾಚ್ ಒತ್ತುತ್ತಿದ್ದರು. ಒಂದೇ ಸೆಕೆಂಡಿಗೆ ಇಳಿದರೆ ತಳ ಭಾರ, ನಿಂತ ಕೂಡಲೇ ಲೋಲಕದಂತೆ ತೂಗಾಡುತ್ತದೆ. ಒಂದು ವಾಷರ್ ತೆಗಿ, ಮತ್ತೆ ಬಿಡು. ಮತ್ತೊಂದು ತೆಗಿ. ಮೂರನೇ ಸಂಜೆ ಎರಡೂವರೆ ಸೆಕೆಂಡು ಬಂತು. ಪೈಪು ನಿಧಾನಕ್ಕೆ, ನಿದ್ದೆಯಿಂದ ಎದ್ದವರ ಹಾಗೆ ನೆಟ್ಟಗಾಯಿತು. ಸರ್ ಮಾತಾಡಲಿಲ್ಲ, ಸ್ಟಾಪ್‌ವಾಚನ್ನು ನನ್ನ ಕಣ್ಣೆದುರು ಹಿಡಿದರು.

ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಸ್ಟೆಡಿಕ್ಯಾಮ್, ಅಂದರೆ ನಡೆಯುವಾಗಲೂ ಚಿತ್ರ ಕುಣಿಯದಂತೆ ಕ್ಯಾಮೆರಾ ಹೊರುವ ಸಾಧನ, ಕಟ್ಟಿದ್ದು ಇದೇ ತತ್ವದ ಮೇಲೆ. ಅದಕ್ಕೆ ಮೈಗೆ ತೊಡುವ ಕವಚ, ಸ್ಪ್ರಿಂಗಿನ ತೋಳೂ ಇದ್ದವು. 1976ರ 'ಬೌಂಡ್ ಫಾರ್ ಗ್ಲೋರಿ' ಸಿನಿಮಾದಲ್ಲಿ ಅವರು ಕ್ರೇನಿನ ಮೇಲಿಂದ ಇಳಿದು, ನೆಲಕ್ಕೆ ಕಾಲಿಟ್ಟು, ಜನರ ಗುಂಪಿನೊಳಗೆ ನಡೆದೇಬಿಡುತ್ತಾರೆ, ಎಲ್ಲ ಒಂದೇ ಶಾಟಿನಲ್ಲಿ. ಕ್ರೇನ್ ಬಿಟ್ಟ ಗಳಿಗೆ ಯಾವುದೆಂದು ನನಗೆ ಇವತ್ತಿಗೂ ಹುಡುಕಬೇಕಾಗುತ್ತದೆ. ಯಾರೋ ನನ್ನನ್ನು ಮೆಲ್ಲಗೆ ಕೈಹಿಡಿದು ಆ ಜನರ ನಡುವೆ ಬಿಟ್ಟಂತೆ. 1978ರಲ್ಲಿ ಬ್ರೌನ್‌ಗೆ ಈ ಸಾಧನಕ್ಕಾಗಿ ಆಸ್ಕರ್ ಬಂತು.

ನಾವು ಮತ್ತೆ ಮಸೀದಿಗೆ ಹೋದೆವು. ಮೊಣಕಾಲು ತುಸು ಬಗ್ಗಿಸಿ, ತುಂಬಿದ ಕೊಡ ಹೊತ್ತವರಂತೆ ನಡೆದೆ. ಎಡವಬಾರದೆಂದು ಸರ್ ಹಿಂದಿನಿಂದ ನನ್ನ ಅಂಗಿ ಹಿಡಿದಿದ್ದರು. ಕಮಾನುಗಳು ಒಂದೊಂದಾಗಿ ತೆರೆದುಕೊಂಡು ತಲೆಯ ಮೇಲೆ ತೇಲಿಹೋದವು. ಕೊನೆಯ ಕಮಾನಿನ ಹತ್ತಿರ ಅವರ ದನಿ ಸೇರಿಕೊಂಡಿದೆ: "ಹಾಂ... ಹಾಂ... ನಿಲ್ಲಬ್ಯಾಡ, ನಡಿ."

ಎಡಿಟಿಂಗ್‌ನಲ್ಲಿ ಅದನ್ನು ತೆಗೆಯಲು ಗೆಳೆಯರು ಹೇಳಿದರು. ನಾನು ತೆಗೆಯಲಿಲ್ಲ.